ಸೌಟು, ಮುಚ್ಚಳ, ಇಪ್ಪತ್ತು ನಿಮಿಷ

ಇಂಜಿನ್ ಕೆಲಸದವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತೆ ಅಂತ ಕೇಳುತ್ತಾರೆ. ಏನೂ ಇರುವುದಿಲ್ಲ. ಆದರೆ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಅಕ್ಕಪಕ್ಕದವರು ಆಚೆಗೆ ಬರುತ್ತಾರೆ. ಅವರು ಬಂದ ಮೇಲೆ ಏನಾದರೊಂದು ಆಗುತ್ತದೆ.

ನಮ್ಮ ಶೆಡ್ಡು ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿದೆ. ಶೆಡ್ಡಿನ ಹಿಂದೆಯೇ ಮನೆ. ಅಡುಗೆಮನೆ ಕಿಟಕಿ ಶೆಡ್ಡಿನ ಕಡೆಗೆ ತೆರೆಯುತ್ತದೆ. ನಾನು ಹಳೇ ಕಾರು, ಹಳೇ ಜೀಪು, ಹಳೇ ಬೈಕುಗಳ ಇಂಜಿನ್ ಬಿಚ್ಚಿ ಕಟ್ಟುತ್ತೇನೆ. ಹೊಸ ಗಾಡಿ ನನಗೆ ಬರುವುದಿಲ್ಲ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಕಾಣುತ್ತದೆ. ಮುಚ್ಚಿಬಿಡುತ್ತೇನೆ.

ಒಂದು ವಿಷಯ ಮೊದಲೇ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಂಜಿನ್ ಒಳಗೆ ಕ್ಯಾಮ್ ಶಾಫ್ಟ್ ಅಂತ ಒಂದು ಕಬ್ಬಿಣದ ದಂಡ ಇರುತ್ತದೆ. ಅದರ ಮೇಲೆ ಮೊಟ್ಟೆ ಆಕಾರದ ಉಬ್ಬುಗಳು. ದಂಡ ತಿರುಗಿದಾಗ ಆ ಉಬ್ಬುಗಳು ವಾಲ್ವುಗಳನ್ನು ಎತ್ತಿ ಇಳಿಸುತ್ತವೆ. ಹಳೇ ಇಂಜಿನ್ನಿಗೆ ಹೊಸ ಕ್ಯಾಮ್ ಹಾಕಿದರೆ, ಮೊದಲ ಸಲ ಸ್ಟಾರ್ಟ್ ಆದ ತಕ್ಷಣ ರೇಸ್ ಕೊಟ್ಟು ಇಪ್ಪತ್ತು ನಿಮಿಷ ಹಿಡಿಯಬೇಕು. ನಿಧಾನಕ್ಕೆ ಓಡಲು ಬಿಟ್ಟರೆ ಆಯಿಲ್ ಉಬ್ಬಿನ ಮೇಲೆ ಸರಿಯಾಗಿ ಸಿಡಿಯುವುದಿಲ್ಲ. ಉಬ್ಬು ಸವೆದು ಹೋಗುತ್ತದೆ. ನಡುವೆ ನಿಲ್ಲಿಸಲೂಬಾರದು. ಮೊದಲ ದಿನ ಹೊಂದಿಕೊಂಡರೆ ಇಪ್ಪತ್ತು ವರ್ಷ ಓಡುತ್ತದೆ. ಮೊದಲ ದಿನ ಕೆಟ್ಟರೆ ಕೆಟ್ಟಿತು.

ಇಪ್ಪತ್ತು ನಿಮಿಷ ಅನ್ನುವುದು ಬಾಯಲ್ಲಿ ಹೇಳಲು ಚಿಕ್ಕದು. ಗೋಡೆಗೆ ಗೋಡೆ ಅಂಟಿಕೊಂಡಿರುವ ಕ್ರಾಸಿನಲ್ಲಿ ಅದು ಒಂದು ಮದುವೆಯಷ್ಟು ಉದ್ದ. ಅದಕ್ಕೆ ನಮ್ಮಾಕೆ ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದಳು.

"ನಾಳೆ ಬೆಳಿಗ್ಗೆ ನಮ್ಮ ಶೆಡ್ಡಲ್ಲಿ ಒಂದು ಹೆರಿಗೆ ಇದೆ ಕಣ್ರೀ. ಸ್ವಲ್ಪ ಕೂಗಾಟ ಇರುತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ."

ಜನ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಇಪ್ಪತ್ತು ನಿಮಿಷ ಆಯಿತು ಅಂತ ತಿಳಿಸುವವಳೂ ಅವಳೇ. ನನ್ನ ಒಂದು ಕೈ ಕಾರ್ಬುರೇಟರ್ ಮೇಲೆ, ಇನ್ನೊಂದು ಕೈಯಲ್ಲಿ ರೇಡಿಯೇಟರಿಗೆ ನೀರು ಬಿಡುವ ಪೈಪು. ಕೂಗಿದರೆ ಕೇಳುವುದಿಲ್ಲ. ಅವಳು ಅಡುಗೆಮನೆ ಗಡಿಯಾರ ನೋಡಿಕೊಂಡು ಕಿಟಕಿಯಲ್ಲಿ ಸೌಟು ಎತ್ತುತ್ತಿದ್ದಳು. ಸೌಟು ಕಂಡರೆ ನಾನು ಆಫ್ ಮಾಡುತ್ತಿದ್ದೆ. ನಮ್ಮ ಶೆಡ್ಡಿನಲ್ಲಿದ್ದ ಮೀಟರು ಅದೊಂದೇ.

ಅವಳು ತೀರಿಕೊಂಡಳು. ನಾನು ಶೆಡ್ಡು ಮುಚ್ಚಿದೆ. ಒಳಗೆ ಎದುರುಮನೆ ಅಜ್ಜಿಯ ಕಾರು ಉಳಿದುಹೋಯಿತು. ಅಜ್ಜಿಯ ಯಜಮಾನರು ಓಡಿಸುತ್ತಿದ್ದ ಕಾರು. ಅವರೂ ಇಲ್ಲ. ಕಾರಿನ ಕ್ಯಾಮ್ ಸವೆದಿತ್ತು. ಆ ಮಾಡೆಲ್ಲಿನ ಕ್ಯಾಮ್ ಈಗ ಎಲ್ಲೂ ಸಿಗುವುದಿಲ್ಲ. ಜೆ.ಸಿ. ರಸ್ತೆಯ ಒಂದು ಹಳೇ ಅಂಗಡಿಯ ಅಟ್ಟದ ಮೇಲೆ ಒಂದು ಸಿಕ್ಕಿತ್ತು. ಒಂದೇ ಒಂದು. ಅಂಗಡಿಯವನು, "ಇದು ಹೋದ್ರೆ ಗಾಡೀನ ಗುಜರಿಗೆ ಹಾಕ್ಬಿಡಿ ಮೇಸ್ತ್ರಿ, ಇನ್ನೊಂದು ಇಲ್ಲ" ಅಂದಿದ್ದ.

"ನಮ್ಮೆಜಮಾನ್ರು ಮಾಡಿಕೊಡ್ತಾರೆ ಅಜ್ಜಿ. ಅದೇ ಕಾರಲ್ಲಿ ನಿಮ್ಮನ್ನ ಮಾರ್ಕೆಟ್ಟಿಗೆ ಹೂವಿಗೆ ಕರ್ಕೊಂಡು ಹೋಗ್ತಾರೆ. ಹಿಂದಿನ ಸೀಟಲ್ಲಿ ನಾನೂ ಬರ್ತೀನಿ" ಅಂತ ಮಾತು ಕೊಟ್ಟವಳು ನಮ್ಮಾಕೆ. ಕೊಟ್ಟವಳು ಹೋದಳು. ಕ್ಯಾಮ್ ಡಬ್ಬಿಯಲ್ಲಿ ಉಳಿಯಿತು, ಕಾರು ಟಾರ್ಪಾಲಿನ ಕೆಳಗೆ. ಮಾತು ನನ್ನ ತಲೆ ಮೇಲೆ.

ಅದೇನಾಯಿತು ಅಂತ ಕೊನೆಗೆ ಹೇಳುತ್ತೇನೆ. ಮೊದಲು ಹಳೆಯವು.

ನಿಲ್ಲದ ಪೂಜೆ

ಮಲ್ಲೇಶ್ವರದವರೊಬ್ಬರು ಜೀಪು ಬಿಟ್ಟಿದ್ದರು. ಹೊಸ ಕ್ಯಾಮ್ ಹಾಕಿ ರೆಡಿ ಮಾಡಿದೆ. ನಾಳೆ ಸ್ಟಾರ್ಟ್ ಮಾಡುತ್ತೇನೆ ಅಂದೆ. ಮಾರನೇ ದಿನ ಅವರು ಪುರೋಹಿತರನ್ನೂ ಕರೆದುಕೊಂಡು ಬಂದರು.

ಪುರೋಹಿತರು ಪಂಚಾಂಗ ನೋಡಿ ಹೇಳಿದರು, "ಮುಹೂರ್ತಕ್ಕೆ ಒಂದು ಸಲ ಸ್ಟಾರ್ಟ್ ಮಾಡಿ, ಆಫ್ ಮಾಡಿ. ಆಮೇಲೆ ನಾನು ಪೂಜೆ ಮಾಡ್ತೀನಿ. ಮಂಗಳಾರತಿ ಆದ್ಮೇಲೆ ಮತ್ತೆ ಸ್ಟಾರ್ಟ್ ಮಾಡಿ."

"ಆಫ್ ಮಾಡೋ ಹಾಗಿಲ್ಲ ಸ್ವಾಮಿ."

"ಒಂದು ನಿಮಿಷ ಅಷ್ಟೇ."

"ಒಂದು ನಿಮಿಷಕ್ಕೇ ಹೋಗುತ್ತೆ ಅದು."

ಜೀಪಿನವರು ನನ್ನನ್ನು ನೋಡಿದರು, ಪುರೋಹಿತರನ್ನು ನೋಡಿದರು. ಇಬ್ಬರಲ್ಲಿ ಯಾರ ಶಾಪ ಜಾಸ್ತಿ ಅಂತ ಯೋಚನೆ ಮಾಡಿದ ಹಾಗೆ ಕಂಡಿತು. ಆಗ ನಮ್ಮಾಕೆ ಕಿಟಕಿಯಿಂದ ಹೇಳಿದಳು, "ಓಡ್ತಿರೋವಾಗಲೇ ಪೂಜೆ ಮಾಡಿ ಸ್ವಾಮಿ. ತೇರು ನಿಲ್ಲಿಸಿ ಪೂಜೆ ಮಾಡ್ತಾರಾ?"

ಸರಿ, ಹಾಗೇ ಆಯಿತು. ಮುಹೂರ್ತಕ್ಕೆ ಸೆಲ್ಫ್ ಹೊಡೆದೆ. ಹಿಡಿಯಿತು. ರೇಸ್ ಕೊಟ್ಟೆ. ಪುರೋಹಿತರು ಮಂತ್ರ ಶುರು ಮಾಡಿದರು. ತುಟಿ ಅಲ್ಲಾಡಿತು, ಏನೂ ಕೇಳಲಿಲ್ಲ. ಗಂಟೆ ಆಡಿಸಿದರು, ಅದೂ ಕೇಳಲಿಲ್ಲ. ಕರ್ಪೂರ ಹಚ್ಚಿದರು, ಇಂಜಿನ್ ಫ್ಯಾನಿನ ಗಾಳಿಗೆ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದರು. ಜೀಪು ಸ್ಟ್ಯಾಂಡಿನ ಮೇಲಿತ್ತು, ಚಕ್ರ ಗಾಳಿಯಲ್ಲಿತ್ತು. ನಿಂಬೆಹಣ್ಣು ಕೈಯಲ್ಲೇ ಹಿಡಿದುಕೊಂಡು ನಿಂತರು. ನಮ್ಮಾಕೆ ಬಂದು ಇಸಿದುಕೊಂಡು ಹೋಗಿ ಎಲ್ಲರಿಗೂ ಪಾನಕ ಮಾಡಿದಳು.

ಕಿಟಕಿಯಲ್ಲಿ ಸೌಟು ಬಂತು. ಆಫ್ ಮಾಡಿದೆ. ಪುರೋಹಿತರು ಬೆವರು ಒರೆಸಿಕೊಂಡರು. ಪಾನಕ ಕುಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ಮೇಸ್ತ್ರಿ, ಮುಂದಿನ ಗಾಡಿಗೂ ಹೇಳಿಕಳಿಸಿ. 'ಬೇಗ ಮುಗಿಸಿ ಸ್ವಾಮಿ, ಆಫೀಸಿಗೆ ಲೇಟಾಗುತ್ತೆ' ಅಂತ ಯಾರೂ ಅನ್ನದೇ ಇದ್ದ ಪೂಜೆ ಇದೊಂದೇ."

ಬೀಗರ ಸಂಡಿಗೆ

ಪಕ್ಕದ ಮನೆಯವರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಅವರ ಹೆಂಡತಿ ಬೇಸಿಗೆಯಲ್ಲಿ ನಮ್ಮಿಬ್ಬರ ನಡುವಿನ ಗಿಡ್ಡ ಗೋಡೆಯ ಆಚೆ ಮಂಚ ಹಾಕಿ, ಅದರ ಮೇಲೆ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಾರೆ. ಸೌಟು ಹಿಡಿದು ಪಕ್ಕದಲ್ಲೇ ಕೂತು ಕಾಗೆ ಓಡಿಸುತ್ತಾರೆ.

ಒಂದು ಬೇಸಿಗೆ ನಾನು ಕಾರಿನ ಹಿಂಭಾಗ ಗೋಡೆಯ ಕಡೆ ಮಾಡಿ ನಿಲ್ಲಿಸಿದ್ದೆ. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಹೊಗೆ ಮನೆಯೊಳಗೆ ಬರಬಾರದು ಅಂತ ಒಂದು ಉದ್ದನೆಯ ಪೈಪು ಸಿಕ್ಕಿಸಿ ಗೋಡೆ ಮೇಲಿಂದ ಆಚೆಗೆ ಬಿಟ್ಟೆ. ನನ್ನ ಲೆಕ್ಕದಲ್ಲಿ ಹೊಗೆ ಮೇಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ.

ಸ್ಟಾರ್ಟ್ ಮಾಡಿದ ಮೇಲೆ ನಿಲ್ಲಿಸುವ ಹಾಗಿಲ್ಲ. ಗೋಡೆಯಾಚೆ ಅವರು ಕೈ ಬೀಸುತ್ತಿದ್ದರು. ಕಾಗೆ ಅಂದುಕೊಂಡೆ. ಇಪ್ಪತ್ತು ನಿಮಿಷ ಆದ ಮೇಲೆ ನೋಡಿದರೆ ಬಿಳೀ ಸಂಡಿಗೆ ಪೂರ್ತಿ ಕರಿ ಚುಕ್ಕೆ.

ನಮ್ಮಾಕೆ ಹೋಗಿ ತಪ್ಪಾಯ್ತು ಅಂದಳು. ಅವರು, "ಇರಲಿ ಬಿಡೇ, ಎಸೆದರಾಯ್ತು" ಅಂದರು. ಎಸೆಯಲಿಲ್ಲ. ಅವರಿಗೂ ಅವರ ಬೀಗಿತ್ತಿಗೂ ಅಷ್ಟಕ್ಕಷ್ಟೆ. ತ್ಯಾಗರಾಜನಗರದಲ್ಲಿರುವ ಆ ಬೀಗರ ಮನೆಗೆ ಡಬ್ಬಿ ತುಂಬ ಅದನ್ನೇ ಕಳಿಸಿದರು.

ಮುಂದಿನ ಬೇಸಿಗೆ ಗೋಡೆ ಹತ್ತಿರ ಬಂದು ನಿಂತರು. ಮುಖ ಸಪ್ಪಗಿತ್ತು.

"ಮೇಸ್ತ್ರಿ, ಈ ವರ್ಷ ಇಂಜಿನ್ ಯಾವಾಗ?"

"ಯಾಕಮ್ಮ?"

"ಬೀಗರು ಕೇಳ್ತಿದಾರೆ. ಕರಿ ಎಳ್ಳು ಹಾಕಿದ್ರಲ್ಲ, ಆ ಸಂಡಿಗೇನೇ ಬೇಕಂತೆ."

ದೊಡ್ಡ ಪೈಪು

ಕುಮಾರ ಪಾರ್ಕಿನಿಂದ ಒಬ್ಬ ಬೈಕು ತಂದ. ಕೆಲಸಕ್ಕೆ ಸೇರಿ ಹೊಸದು. ತಾತನ ಬೈಕಂತೆ. ಇಂಜಿನ್ ಮಾಡಿಕೊಟ್ಟೆ. ಹಳೇ ಸೈಲೆನ್ಸರ್ ನೋಡಿ ಮುಖ ಸಿಂಡರಿಸಿದ.

"ಇದು ಬೇಡ ಮೇಸ್ತ್ರಿ. ದಪ್ಪ ಪೈಪು ಹಾಕಿ. ಸೌಂಡು ಬರ್ಬೇಕು."

"ದಪ್ಪ ಪೈಪು ಹಾಕಿದ್ರೆ ನಿಧಾನಕ್ಕೆ ಹೋಗೋವಾಗ ಎಳೆಯಲ್ಲ. ಟ್ರಾಫಿಕ್ಕಲ್ಲಿ ಒದ್ದಾಡುತ್ತೆ."

"ಎಳೀದೇ ಇದ್ರೂ ಪರವಾಗಿಲ್ಲ, ಕೇಳಿಸ್ಬೇಕು."

ಎಳೆಯುವುದು ಬೇಡ, ಕೇಳಿಸಬೇಕು ಅನ್ನುವವರಿಗೆ ನಾನೇನು ಹೇಳಲಿ. ಹಾಕಿಕೊಟ್ಟೆ. ಕೇಳಿಸಿತು. ಅವನು ಹೋದ ಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಲೇ ಇತ್ತು.

ಒಂದು ತಿಂಗಳೂ ಆಗಿರಲಿಲ್ಲ. ಬೈಕು ತಳ್ಳಿಕೊಂಡು ಬಂದ. ಕೆಟ್ಟಿದೆಯಾ ಅಂದೆ. ಕೆಟ್ಟಿಲ್ಲ ಅಂದ.

"ಹಳೇ ಸೈಲೆನ್ಸರೇ ಹಾಕ್ಬಿಡಿ ಮೇಸ್ತ್ರಿ. ಅಮ್ಮಂಗೆ ಎಲ್ಲಾ ಗೊತ್ತಾಗ್ತಿದೆ."

"ಏನು ಗೊತ್ತಾಗ್ತಿದೆ?"

"ಎಷ್ಟೊತ್ತಿಗೆ ಬಂದೆ, ಯಾವ ರೋಡಲ್ಲಿ ಬಂದೆ, ಯಾರ ಮನೆ ಮುಂದೆ ನಿಲ್ಲಿಸ್ದೆ. ಹಿಂದಿನ ಬೀದೀಲಿ ಒಂದು ಮನೆ ಇದೆ. ಅಲ್ಲಿ ಐದು ನಿಮಿಷ ನಿಲ್ಲಿಸ್ದೆ ಅಷ್ಟೇ. ಮನೆಗೆ ಹೋದ್ರೆ ಅಮ್ಮ, 'ಹುಡುಗಿ ಹೆಸರೇನು' ಅಂತಾಳೆ."

ಸರಿ, ನಾಳೆ ಬಾ ಅಂದೆ. ಮಾರನೇ ದಿನ ಅವನು ಬರುವ ಮೊದಲೇ ಆಟೋದಲ್ಲಿ ಅವರಮ್ಮ ಬಂದರು.

"ಪೈಪು ಬಿಚ್ಬೇಡಿ ಮೇಸ್ತ್ರಿ. ಅವನು ಸರ್ಕಲ್ ತಿರುಗಿದ್ರೆ ನಾನು ಒಲೆ ಮೇಲೆ ಕಾವಲಿ ಇಡ್ತೀನಿ. ಮನೆಗೆ ಬರೋ ಹೊತ್ತಿಗೆ ದೋಸೆ ಬಿಸಿಬಿಸಿ ಇರುತ್ತೆ."

ಆಟೋ ಹತ್ತುವ ಮೊದಲು ತಿರುಗಿ ಕೇಳಿದರು.

"ಇದಕ್ಕಿಂತ ದಪ್ಪದ್ದು ಬರುತ್ತಾ?"

ಶ್ರುತಿ

ಬ್ಯಾಂಕಿನವರ ಮನೆಯ ಮಹಡಿಯಲ್ಲಿ ಸಂಗೀತದ ಟೀಚರ್ ಇದ್ದಾರೆ. ಒಂದು ಸಲ ಅವರು ಊರಿನಲ್ಲಿಲ್ಲ ಅಂದುಕೊಂಡು ನಮ್ಮಾಕೆ ಅವರಿಗೆ ಹೇಳಿರಲಿಲ್ಲ. ಇಂಜಿನ್ ರೇಸಿನಲ್ಲಿತ್ತು. ಟೀಚರ್ ಬಾಲ್ಕನಿಗೆ ಬಂದರು. ಕೈ ಮೇಲಕ್ಕೆ ಎತ್ತಿದರು. ನಿಲ್ಲಿಸು ಅಂತಿದ್ದಾರೆ ಅಂದುಕೊಂಡೆ. ಆಗಲ್ಲ ಅಂತ ತಲೆ ಅಲ್ಲಾಡಿಸಿದೆ. ಅವರು ಇನ್ನೂ ಸ್ವಲ್ಪ ಎತ್ತಿದರು. ಹೆದರಿ ನಾನೂ ಸ್ವಲ್ಪ ರೇಸ್ ಎತ್ತಿದೆ. ಅವರು ಸಾಕು ಅನ್ನೋ ಹಾಗೆ ಕೈ ತೋರಿಸಿ ಒಳಗೆ ಹೋದರು.

ಕ್ಯಾಮ್ ಕೂರಿಸುವಾಗ ಒಂದೇ ಸಮ ಹಿಡಿಯಬಾರದು. ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ ಮಾಡುತ್ತಿರಬೇಕು. ನಾನು ಇಳಿಸಿದೆ. ಟೀಚರ್ ಬಾಲ್ಕನಿಗೆ ಬಂದರು. ಏರಿಸಿದೆ. ಒಳಗೆ ಹೋದರು. ಇಳಿಸಿದೆ. ಮತ್ತೆ ಬಂದರು. ಈ ಸಲ ತೊಡೆ ತಟ್ಟಿ ತಾಳ ಹಾಕಿ ತೋರಿಸಿದರು.

ಎಲ್ಲಾ ಮುಗಿದ ಮೇಲೆ ಇಳಿದು ಬಂದರು. ಅವರ ಶ್ರುತಿಪೆಟ್ಟಿಗೆ ಕೆಟ್ಟಿತ್ತಂತೆ. ಪಾಠಕ್ಕೆ ಮಕ್ಕಳು ಬಂದು ಕೂತಿದ್ದರಂತೆ. ನಮ್ಮ ಇಂಜಿನ್ನನ್ನೇ ಶ್ರುತಿ ಮಾಡಿಕೊಂಡು ಹಾಡಿಸಿದ್ದಾರೆ.

"ನಿಮ್ಮ ಗಾಡೀಲಿ ಷಡ್ಜ ಚೆನ್ನಾಗಿದೆ ಮೇಸ್ತ್ರಿ. ಆದರೆ ನಿಲ್ಲಲ್ಲ, ಜಾರುತ್ತೆ."

"ಹಾಗೇ ಮಾಡ್ಬೇಕು ಟೀಚರ್. ಕ್ಯಾಮ್‌ಗೆ ಅದೇ ಒಳ್ಳೇದು."

ಅವರಿಗೆ ಒಪ್ಪಿಗೆ ಆಗಲಿಲ್ಲ. ಹೋಗುವಾಗ ಕಿಟಕಿಯ ಕಡೆ ತಿರುಗಿ ನಮ್ಮಾಕೆಗೆ ಹೇಳಿದರು.

"ಇವರನ್ನ ಶನಿವಾರ ಕ್ಲಾಸಿಗೆ ಕಳಿಸಿ. ಚಿಕ್ಕ ಮಕ್ಕಳ ಬ್ಯಾಚು."

ಕಾಗೆ

ಒಬ್ಬರು ವಕೀಲರ ಕಾರು. ಹೊಸ ಕ್ಯಾಮ್. ವಕೀಲರು ಪಕ್ಕದಲ್ಲೇ ನಿಂತಿದ್ದರು. ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಕಿಟಕಿಯಲ್ಲಿ ಸೌಟು ಕಂಡಿತು. ಇಷ್ಟು ಬೇಗ ಆಯಿತಾ ಅನ್ನಿಸಿತು. ಆದರೆ ಅವಳ ಸೌಟಿನ ಮೇಲೆ ನನಗೆ ನಂಬಿಕೆ. ಆಫ್ ಮಾಡಿದೆ.

ಕಿಟಕಿಯಿಂದ ತಲೆ ಆಚೆ ಬಂತು.

"ಯಾಕ್ರೀ ಆಫ್ ಮಾಡಿದ್ರಿ?"

"ನೀನೇ ಸೌಟು ತೋರಿಸ್ದೆ."

"ಕಾಗೆಗೆ ತೋರಿಸಿದ್ದು ಕಣ್ರೀ."

ವಕೀಲರು ಕಾಗೆಯನ್ನು ನೋಡಿದರು. ಅದು ಕಿಟಕಿಯ ಸರಳಿನ ಮೇಲೇ ಕೂತಿತ್ತು. ನಾನು ಬೇಗ ಬೇಗ ಮತ್ತೆ ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ. ದೇವರು ದೊಡ್ಡವನು, ಆ ಕ್ಯಾಮ್ ಉಳಿಯಿತು. ಎಲ್ಲಾ ಸಲವೂ ಉಳಿಯುವುದಿಲ್ಲ.

ಅವತ್ತು ಊಟಕ್ಕೆ ಕೂತಾಗ ನಾನು ಏನೂ ಮಾತಾಡಲಿಲ್ಲ. ನಾನು ಮಾಮೂಲಿಗೂ ಮಾತಾಡುವವನಲ್ಲ. ಆದರೆ ಅವಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಎಲ್ಲಿಂದಲೋ ಒಂದು ದೊಡ್ಡ ಹಿತ್ತಾಳೆ ಮುಚ್ಚಳ ತಂದಳು. ಉಜ್ಜಿ ಹೊಳೆಯುವ ಹಾಗೆ ಮಾಡಿದಳು. ಸೌಟು, ಮುಚ್ಚಳ ಎರಡನ್ನೂ ಎತ್ತಿ ತೋರಿಸಿದಳು.

"ಸೌಟು ಒಂದೇ ಆದ್ರೆ ಕಾಗೆಗೆ. ಸೌಟೂ ಮುಚ್ಚಳಾನೂ ಆದ್ರೆ ನಿಮಗೆ. ಮುಚ್ಚಳ ಕಾಣೋವರೆಗೂ ಬ್ರಹ್ಮ ಬಂದ್ರೂ ಆಫ್ ಮಾಡ್ಬೇಡಿ. ಗೊತ್ತಾಯ್ತಾ?"

ಗೊತ್ತಾಯ್ತು ಅಂದೆ. ಆಮೇಲೆ ಯಾವತ್ತೂ ತಪ್ಪಾಗಲಿಲ್ಲ. ಕಾಗೆಗೂ ಗೊತ್ತಾಯಿತು ಅಂತ ಕಾಣುತ್ತದೆ. ಮುಚ್ಚಳ ಇಲ್ಲದ ಸೌಟಿಗೆ ಅದು ಎದ್ದು ಹೋಗುತ್ತಿತ್ತು. ಮುಚ್ಚಳ ಇದ್ದರೆ ಕೂತೇ ಇರುತ್ತಿತ್ತು.

ಕಾಫಿ

ಈಗ ಅಜ್ಜಿಯ ಕಾರು.

ಶೆಡ್ಡು ಮುಚ್ಚಿದ ಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಜ್ಜಿಯೂ ಕೇಳಲಿಲ್ಲ. ಎದುರು ಜಗಲಿಯ ಮೇಲೆ ಕೂತು ಶೆಡ್ಡಿನ ಬಾಗಿಲು ನೋಡುತ್ತಿದ್ದರು. ನಾನು ಈಚೆ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದೆ. ಹೀಗೇ ನಡೆಯಿತು. ಒಂದು ದಿನ ಅವರು ರಸ್ತೆ ದಾಟಿ ಬಂದರು. ಅಜ್ಜಿ ತುಂಬಾ ಕುಳ್ಳಗೆ. ನಾನು ಮೆಟ್ಟಿಲ ಮೇಲೆ ಕೂತಿದ್ದರೆ ಅವರು ನಿಂತು ಮಾತಾಡಲು ಸರಿಹೋಗುತ್ತದೆ.

"ಕೇಳ್ಬಾರ್ದು ಅಂತಿದ್ದೆ ಮೇಸ್ತ್ರಿ. ನಿಮ್ಮ ದುಃಖ ನಿಮಗೆ. ಆದರೆ ಅದು ಮುಗಿಯೋದ್ರೊಳಗೆ ನಾನು ಮುಗಿದ್ರೆ, ಮಾರ್ಕೆಟ್ಟಿಗೆ ಯಾರನ್ನ ಕರ್ಕೊಂಡು ಹೋಗ್ತೀರಾ?"

ಮಾರನೇ ದಿನ ಟಾರ್ಪಾಲು ತೆಗೆದೆ.

ಕ್ಯಾಮಿನ ಉಬ್ಬಿಗೆಲ್ಲ ಕಪ್ಪು ಗ್ರೀಸು ಬಳಿದು ಕೂರಿಸಿದೆ. ಹೊಸ ಆಯಿಲ್ ಹಾಕಿದೆ. ಪೈಪಿನ ವಿಷಯಕ್ಕೆ ಅಜ್ಜಿಯನ್ನು ಕೇಳಿದೆ. "ನಮ್ಮೆಜಮಾನ್ರ ಕಾರು ಶಬ್ದ ಮಾಡ್ತಿರ್ಲಿಲ್ಲ. ಅವರೂ ಮಾಡ್ತಿರ್ಲಿಲ್ಲ" ಅಂದರು. ಅದಕ್ಕೆ ಸಣ್ಣ ಪೈಪು, ಉದ್ದನೆಯ ಸೈಲೆನ್ಸರ್. ಜಾಯಿಂಟಿಗೆಲ್ಲ ಹೊಸ ಗ್ಯಾಸ್ಕೆಟ್. ಕಾರಿನ ಹಿಂಭಾಗ ರಸ್ತೆ ಕಡೆ ತಿರುಗಿಸಿದೆ, ಸಂಡಿಗೆ ಕಾಲ ಅದು.

ಇನ್ನು ಉಳಿದಿದ್ದು ಮನೆಮನೆಗೆ ಹೋಗಿ ಹೇಳುವುದು. ಅದು ಅವಳ ಕೆಲಸ. ನಾನು ಯಾವತ್ತೂ ಮಾಡಿರಲಿಲ್ಲ. ಶರ್ಟು ಬದಲಾಯಿಸಿ ಬ್ಯಾಂಕಿನವರ ಮನೆ ಬಾಗಿಲು ತಟ್ಟಿದೆ.

ಗಂಡ ಹೆಂಡತಿ ಇಬ್ಬರೂ ಗಾಬರಿಯಾದರು. ನಾನು ಅವರ ಮನೆಯೊಳಗೆ ಹೋಗಿದ್ದೇ ಇಲ್ಲ. ಕೂರಿಸಿದರು. ಕಾಫಿ ಕೊಟ್ಟರು.

"ನಾಳೆ..." ಅಂದೆ.

"ನಾಳೆ ಅಂತ ಯೋಚನೆ ಮಾಡ್ಬೇಡಿ ಮೇಸ್ತ್ರಿ" ಅಂದರು ಬ್ಯಾಂಕಿನವರು. "ಇವತ್ತು ಹೇಗೆ ಕಳೀತು, ಅಷ್ಟು ನೋಡ್ಕೊಳ್ಳಿ."

"ಅಲ್ಲ, ನಾಳೆ ಬೆಳಿಗ್ಗೆ..."

"ಬೆಳಿಗ್ಗೆ ಹೊತ್ತೇ ಕಷ್ಟ. ಗೊತ್ತು ನಮಗೆ" ಅಂತ ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಅಳುವಾಗ ಕ್ಯಾಮ್ ಶಾಫ್ಟ್ ವಿಷಯ ಹೇಗೆ ತೆಗೆಯುವುದು. ಬಾಳೆಹಣ್ಣು ಕೊಟ್ಟರು. ತಿಂದು ಎದ್ದು ಬಂದೆ.

ಮಹಡಿ ಹತ್ತಿದೆ. ಟೀಚರ್ ಪಾಠ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಿಬಿಟ್ಟರು. ಅಲ್ಲೂ ಕಾಫಿ.

"ಸ್ವಲ್ಪ ಕೂಗಾಟ ಇರುತ್ತೆ" ಅಂದೆ. ಅವಳು ಹೇಳುತ್ತಿದ್ದ ಮಾತು ಅದು.

"ಕೂಗಿ ಮೇಸ್ತ್ರಿ. ಒಳಗೇ ಇಟ್ಕೋಬೇಡಿ. ಗಂಡಸರು ಅತ್ತರೆ ತಪ್ಪೇನಿಲ್ಲ."

ಅದೇ ಸಾಲಿನಲ್ಲಿ ಇನ್ನೆರಡು ಮನೆ. ಎರಡರಲ್ಲೂ ಕಾಫಿ, ಎರಡರಲ್ಲೂ ಕಣ್ಣೀರು. ಒಂದು ಮನೆಯಲ್ಲಿ ರಾತ್ರಿಗೆ ಅಂತ ಸಾರು ಕಟ್ಟಿಕೊಟ್ಟರು. ಅವಳು ಬಾಗಿಲಲ್ಲೇ ನಿಂತು ಎರಡು ಮಾತಿನಲ್ಲಿ ಮುಗಿಸಿ ಬರುತ್ತಿದ್ದಳು. ನಾನು ಸಂಜೆಯೆಲ್ಲಾ ಕೂತೆ. ಇಡೀ ಕ್ರಾಸಿಗೆ ನನ್ನ ದುಃಖ ಗೊತ್ತಾಯಿತು. ಇಂಜಿನ್ ವಿಷಯ ಒಬ್ಬರಿಗೂ ಗೊತ್ತಾಗಲಿಲ್ಲ.

ಮುಚ್ಚಳ

ಬೆಳಿಗ್ಗೆ ಸೆಲ್ಫ್ ಹೊಡೆದೆ. ಮೊದಲ ಸಲಕ್ಕೇ ಹಿಡಿಯಿತು. ರೇಸ್ ಕೊಟ್ಟೆ. ಆಯಿಲ್ ಪ್ರೆಷರ್ ಬಂತು. ನೀರಿನ ಪೈಪು ಹಿಡಿದೆ. ಎಲ್ಲಾ ಸರಿ ಇತ್ತು. ಅಭ್ಯಾಸಬಲ, ಕಿಟಕಿ ನೋಡಿದೆ.

ಕಿಟಕಿ ಮುಚ್ಚಿತ್ತು.

ಆಗ ನನಗೆ ಹೊಳೆಯಿತು. ಗಡಿಯಾರ ಅಡುಗೆಮನೆಯಲ್ಲಿದೆ. ಫೋನು ಚಾರ್ಜಿಗೆ ಹಾಕಿದ್ದೇನೆ, ಅದೂ ಒಳಗಿದೆ. ಕೈಗೆ ವಾಚು ಕಟ್ಟುವ ಅಭ್ಯಾಸ ಇಲ್ಲ. ನಟ್ಟು, ಬೋಲ್ಟು, ಗ್ಯಾಸ್ಕೆಟ್ಟು, ಪೈಪು ಎಲ್ಲಾ ಯೋಚನೆ ಮಾಡಿದ್ದೆ. ಹೊತ್ತು ನೋಡುವವರು ಯಾರು ಅಂತ ಯೋಚನೆ ಮಾಡಿರಲಿಲ್ಲ. ಕಾರ್ಬುರೇಟರ್ ಬಿಟ್ಟು ಒಳಗೆ ಹೋಗುವ ಹಾಗಿಲ್ಲ. ಬೇಗ ನಿಲ್ಲಿಸಿದರೆ ಕ್ಯಾಮ್ ಹೋಯಿತು. ಇನ್ನೊಂದು ಇಲ್ಲ. ಹಿಡಿದುಕೊಂಡು ನಿಂತೆ.

ಸೈಲೆನ್ಸರ್ ಇದ್ದರೂ ರೇಸಿನ ಸದ್ದು ಸದ್ದೇ. ಕ್ರಾಸಿನಲ್ಲಿ ಬಾಗಿಲುಗಳು ತೆಗೆದವು. ಜನ ಆಚೆ ಬಂದರು. ಮೊದಲು ಹೆದರಿದ ಮುಖ, ಆಮೇಲೆ ಗೊತ್ತಾದ ಮುಖ. ಬ್ಯಾಂಕಿನವರು ಗೋಡೆಯ ಆಚೆ ನಿಂತು ಏನೋ ಹೇಳಿದರು. ಬಾಯಿ ಕಂಡಿತು, ಮಾತು ಕೇಳಲಿಲ್ಲ. ನಾನು ತಲೆಯಾಡಿಸಿದೆ. ಅವರೂ ಆಡಿಸಿದರು. 

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬ್ಯಾಂಕಿನವರ ಹೆಂಡತಿ ಗೋಡೆಯಾಚೆ ಸೌಟು ಎತ್ತಿದರು. ಆಫ್ ಮಾಡಲು ಕೈ ಹೋಯಿತು. ನೋಡಿದೆ. ಪಕ್ಕದಲ್ಲೇ ಸಂಡಿಗೆ ಮಂಚ. ಇದು ಕಾಗೆಗೆ ಅಂದುಕೊಂಡೆ. ಕೈ ವಾಪಸ್ ಬಂತು.

ಅವರು ಇನ್ನೂ ಜೋರಾಗಿ ಬೀಸಿದರು. ಕಾಗೆ ಜಾಸ್ತಿ ಇರಬೇಕು ಅಂದುಕೊಂಡೆ.

ಬಾಲ್ಕನಿಯಲ್ಲಿ ಟೀಚರ್ ಸೌಟು ಎತ್ತಿದರು. ಆಚೆ ಮನೆಯವರು, ಸಾರು ಕೊಟ್ಟವರು, ಅವರೂ ಸೌಟು ತಂದರು. ಬ್ಯಾಂಕಿನವರು ಒಳಗೆ ಓಡಿಹೋಗಿ ದೋಸೆ ಮಗುಚೋ ಕೈ ತಂದು ಎತ್ತಿ ಹಿಡಿದರು. ಅದು ಸೌಟೇ ಅಲ್ಲ. ಇಷ್ಟು ವರ್ಷ ಅವಳು ಕಿಟಕಿಯಲ್ಲಿ ಎತ್ತುವುದನ್ನು ಎಲ್ಲರೂ ನೋಡಿದ್ದಾರೆ, ಅದಕ್ಕೆ ತಂದಿದ್ದಾರೆ ಅಂತ ನನಗೂ ಆಗ ಗೊತ್ತಾಯಿತು. ಆದರೆ ಒಬ್ಬರ ಕೈಯಲ್ಲೂ ಮುಚ್ಚಳ ಇರಲಿಲ್ಲ.

ಮುಚ್ಚಳ ಕಾಣೋವರೆಗೂ ಬ್ರಹ್ಮ ಬಂದ್ರೂ ಆಫ್ ಮಾಡ್ಬೇಡಿ ಅಂದಿದ್ದಳು. ಇವರು ಯಾರೂ ಬ್ರಹ್ಮ ಅಲ್ಲ. ಎಲ್ಲರಿಗೂ ಶಬ್ದ ನಿಂತರೆ ಸಾಕು, ಹತ್ತು ನಿಮಿಷಕ್ಕೇ ತೋರಿಸುತ್ತಿದ್ದಾರೋ ಏನೋ. ನಾನು ಹಿಡಿದುಕೊಂಡೇ ನಿಂತೆ. ಇಂಜಿನ್ ಪಕ್ಕದ ಹೊಗೆ ಪೈಪು ಕಾದು ಕೆಂಪಗಾಯಿತು. ರೇಡಿಯೇಟರಿಗೆ ಇನ್ನೂ ನೀರು ಬಿಟ್ಟೆ. ಸೌಟುಗಳು ಬೀಸುತ್ತಲೇ ಇದ್ದವು. ಆಚೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬ ಕೈಮುಗಿದು ಹೋದ. ಏನು ತಿಳಿದುಕೊಂಡನೋ.

ಆಗ ಅಡುಗೆಮನೆ ಕಿಟಕಿ ತೆರೆಯಿತು.

ಮುಚ್ಚಿ ಎಷ್ಟೋ ಕಾಲ ಆಗಿದ್ದ ಕಿಟಕಿ. ಒಂದು ಬಾಗಿಲು, ಆಮೇಲೆ ಇನ್ನೊಂದು. ಒಳಗೆ ಯಾರೂ ಕಾಣಲಿಲ್ಲ. ಕೆಳಗಿನಿಂದ ಸೌಟು ಬಂತು. ಅದರ ಪಕ್ಕದಲ್ಲಿ ಹಿತ್ತಾಳೆ ಮುಚ್ಚಳ ಬಂತು. ಬಿಸಿಲು ಬಿದ್ದು ಹೊಳೆಯಿತು.

ಆಫ್ ಮಾಡಿದೆ.

ಸದ್ದು ನಿಂತಿತು. ನಾನು ಕಿಟಕಿಯನ್ನೇ ನೋಡುತ್ತಿದ್ದೆ. ಸೌಟು ಇಳಿಯಿತು. ಮುಚ್ಚಳ ಇಳಿಯಿತು. ಮೊದಲು ಮಾತಾಡಿದವರು ಬ್ಯಾಂಕಿನವರು.

"ಏನ್ ಮೇಸ್ತ್ರಿ, ಮುಕ್ಕಾಲು ಗಂಟೆ ಆಯ್ತು. ಅಷ್ಟೊತ್ತಿಂದ ಎಲ್ಲರೂ ತೋರಿಸ್ತಿದೀವಿ, ಕಣ್ಣು ಕಾಣಲ್ವಾ ನಿಮಗೆ?"

"ಕಂಡಿತು. ಮುಚ್ಚಳ ಇರಲಿಲ್ಲ."

ಅವರು ಕೈಯಲ್ಲಿದ್ದ ದೋಸೆ ಮಗುಚೋ ಕೈ ನೋಡಿಕೊಂಡರು.

ಅಡುಗೆಮನೆ ಬಾಗಿಲಿಂದ ಅಜ್ಜಿ ಬಂದರು. ಕಿಟಕಿಗೆ ಅವರ ತಲೆ ನಿಲುಕುವುದಿಲ್ಲ, ಕೈ ಮಾತ್ರ ನಿಲುಕುತ್ತದೆ.

"ನಾನು ಆಗಲೇ ಬಂದೆ ಮೇಸ್ತ್ರಿ. ಇವರಿಗೆಲ್ಲ ಸೌಟು ಗೊತ್ತು, ಮುಚ್ಚಳದ ಲೆಕ್ಕ ಗೊತ್ತಿಲ್ಲ. ನನಗೆ ಹೇಳಿದ್ಲು ಅವಳು. ಆದರೆ ಎಲ್ಲಿಟ್ಟಿದಾಳೆ ಅಂತ ಹೇಳ್ಬೇಡ್ವಾ? ಹುಡುಕಿ ಹುಡುಕಿ ಸಾಕಾಯ್ತು. ಅಕ್ಕಿ ಡಬ್ಬದ ಹಿಂದೆ ಇತ್ತು." ಮುಚ್ಚಳವನ್ನು ಸೆರಗಿನಲ್ಲಿ ಒರೆಸಿದರು. "ಇದು ನಮ್ಮದು. ಕಾಗೆ ಗಲಾಟೆ ಆಯ್ತಲ್ಲ, ಅವತ್ತು ತಗೊಂಡು ಹೋದವಳು. ಒಂದು ಸಲಕ್ಕೆ ಕೊಡಿ ಅಜ್ಜಿ, ವಾಪಸ್ ಕೊಡ್ತೀನಿ ಅಂದಿದ್ಲು."

ಇಂಜಿನ್ ತಣ್ಣಗಾದ ಮೇಲೆ ವಾಲ್ವುಗಳನ್ನು ಮುಚ್ಚಿದ ತಗಡು ಬಿಚ್ಚಿ, ಇಂಜಿನ್ ಕೈಯಲ್ಲಿ ತಿರುಗಿಸಿ ನೋಡಿದೆ. ವಾಲ್ವುಗಳೆಲ್ಲ ಸಮನಾಗಿ ಏಳುತ್ತಿದ್ದವು. ಕ್ಯಾಮ್ ಚೆನ್ನಾಗಿ ಕೂತಿತ್ತು. ಆಯಿಲ್ ಇಳಿಸಿ ಹೊಸದು ಹಾಕಿದೆ.

ಶುಕ್ರವಾರ ಅಜ್ಜಿಯನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ದಿಂಬು ಹಾಕಿಕೊಂಡು ಕೂತಿದ್ದರು. ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿದ್ದರು. ಬಸ್ಸು, ತಲೆ ಮೇಲೆ ಮೂಟೆ ಹೊತ್ತವರು, ನಡುವೆ ಕಾರು ಸದ್ದಿಲ್ಲದೆ ಹೋಯಿತು. ಅಜ್ಜಿ ಮಲ್ಲಿಗೆ ಕೊಂಡರು. ತಮ್ಮ ದೇವರಿಗೆ ಒಂದು ಕಟ್ಟು, ನನ್ನ ಕೈಗೆ ಒಂದು ಕಟ್ಟು.

ಮನೆ ಮುಂದೆ ಇಳಿಸಿ, ಒಳಗೆ ಹೋಗಿ ಹಿತ್ತಾಳೆ ಮುಚ್ಚಳ ತಂದು ಕೊಟ್ಟೆ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನಮ್ಮ ಶೆಡ್ಡಿನ ಕಡೆ ನೋಡಿದರು. ಬಾಗಿಲು ತೆಗೆದಿತ್ತು. ಮುಚ್ಚಳ ನನ್ನ ಕೈಗೇ ವಾಪಸ್ ಇಟ್ಟರು.

"ಇಟ್ಕೊಳ್ಳಿ ಮೇಸ್ತ್ರಿ. ಒಂದು ಸಲಕ್ಕೆ."